ಪರದೆಯಿಲ್ಲದ ಯಂತ್ರ ಬರೆದ ಹೆಸರುಗಳು

ಇಂದು ನಮ್ಮ ಮನೆಗಳಿಗೆ ಬರುವ ಕಾಗದಪತ್ರಗಳನ್ನು ಒಮ್ಮೆ ಹರಡಿಕೊಂಡು ನೋಡಿದರೆ ಒಂದು ಸಂಗತಿ ಮನಸ್ಸಿಗೆ ಹೊಳೆಯದೆ ಇರದು. ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಲೆಕ್ಕಪಟ್ಟಿ, ರೈಲಿನ ಟಿಕೇಟು, ವಿಮೆಯ ರಶೀದಿ, ಮಕ್ಕಳ ಅಂಕಪಟ್ಟಿ ಇವುಗಳಲ್ಲಿ ಬಹುಪಾಲು ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು ಬರೆದವಲ್ಲ. ಅವು ಸಿದ್ಧವಾಗುವ ಹೊತ್ತಿನಲ್ಲಿ ಅವುಗಳನ್ನು ಕಣ್ಣಿಟ್ಟು ನೋಡಿದವರೂ ಇಲ್ಲ. ಎಲ್ಲೋ ದೂರದ ಊರಿನ ಬೀಗ ಹಾಕಿದ ಕೋಣೆಯೊಂದರಲ್ಲಿ, ಪರದೆಯೇ ಇಲ್ಲದ ಗಣಕಯಂತ್ರವೊಂದು ನಡುರಾತ್ರಿಯಲ್ಲಿ ಅವುಗಳನ್ನು ಬರೆದು, ಗೆರೆ ಎಳೆದು, ಬಣ್ಣ ತುಂಬಿ ಕಳುಹಿಸಿರುತ್ತದೆ. ಕುರುಡನೊಬ್ಬ ಚಿತ್ರ ಬರೆದು ಕೊಟ್ಟಂತಹ ಈ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಎಲ್ಲಿ ಎಡವು ಉಂಟಾಗುತ್ತದೆ, ಆ ಎಡವು ನಮ್ಮ ಮನೆಯ ಮಕ್ಕಳ ಹೆಸರಿನವರೆಗೂ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾವು ವೃತ್ತಿಯಿಂದ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಾದ್ದರಿಂದ, ಕೇಳಿದ ಮಾತಿಗಿಂತ ಕೈಯಾರೆ ಕಂಡುಂಡ ಮಾತನ್ನೇ ಇಲ್ಲಿ ಹೇಳುತ್ತೇವೆ.

ಮೊದಲಿಗೆ ಸರ್ವರ್ ಎಂದರೇನು ಎಂಬುದನ್ನು ತಿಳಿಯೋಣ. ಮನೆಯಲ್ಲಿ ಮಕ್ಕಳು ಬಳಸುವ ಕಂಪ್ಯೂಟರಿಗೂ ಸರ್ವರಿಗೂ ಒಳಗಿನ ಅಂಗಾಂಗಗಳಲ್ಲಿ ಮೂಲಭೂತ ವ್ಯತ್ಯಾಸವಿಲ್ಲ. ಅದಕ್ಕೂ ಲೆಕ್ಕ ಮಾಡುವ ಮಿದುಳಿದೆ, ನೆನಪಿನ ಉಗ್ರಾಣವಿದೆ. ಆದರೆ ಅದರ ಮುಂದೆ ಮಾನಿಟರ್ ಇಲ್ಲ, ಕೀಲಿಮಣೆ ಇಲ್ಲ, ಮೌಸ್ ಇಲ್ಲ. ಗೋದಾಮಿನ ಕಪಾಟುಗಳಲ್ಲಿ ಅಡ್ಡಡ್ಡಲಾಗಿ ಜೋಡಿಸಿಟ್ಟ ತಟ್ಟೆಗಳಂತೆ ಅವುಗಳನ್ನು ಒಂದರ ಮೇಲೊಂದು ಇಟ್ಟಿರುತ್ತಾರೆ. ಒಂದೊಂದಕ್ಕೂ ಪರದೆ ಕೊಡುವುದು ಜಾಗಕ್ಕೂ ಖರ್ಚಿಗೂ ದಂಡ. ಕೆಲಸ ಹೇಳುವವರು ನೂರಾರು ಮೈಲಿ ದೂರದಿಂದ ತಂತಿಯ ಮೂಲಕ ಅಕ್ಷರರೂಪದ ಆಜ್ಞೆಗಳನ್ನು ಕಳುಹಿಸುತ್ತಾರೆ, ಅಕ್ಷರರೂಪದ ಉತ್ತರಗಳನ್ನು ಪಡೆಯುತ್ತಾರೆ. ಇಂತಹ ಯಂತ್ರವನ್ನು ನಮ್ಮ ವೃತ್ತಿಯವರು ‘ಹೆಡ್‌ಲೆಸ್’ ಎಂದು ಕರೆಯುತ್ತಾರೆ. ಅಂದರೆ ರುಂಡವಿಲ್ಲದ ಮುಂಡ. ಹೆಸರು ಭಯಂಕರವಾದರೂ ಯಂತ್ರ ಸಾಧುವಾದದ್ದು. ಲೆಕ್ಕ ಮಾಡು ಎಂದರೆ ಮಾಡುತ್ತದೆ, ಪತ್ರ ಕಳುಹಿಸು ಎಂದರೆ ಕಳುಹಿಸುತ್ತದೆ. ಆದರೆ ಚಿತ್ರ ಬರೆ ಎಂದಾಗ ಮಾತ್ರ ಹಲವು ಬಾರಿ ಹಟ ಹಿಡಿಯುತ್ತದೆ.

ಆ ಹಟದ ಕಾರಣವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕೆಯ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ವಿದ್ಯಾಲಯದಲ್ಲಿ 1983ರಲ್ಲಿ ‘ಪ್ರಾಜೆಕ್ಟ್ ಅಥೀನಾ’ ಎಂಬ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಆವರಣದ ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತಮ್ಮ ಕೆಲಸ ಮಾಡಿಕೊಳ್ಳುವಂತಾಗಬೇಕು ಎಂಬುದು ಅದರ ಆಶಯ. ಅಲ್ಲಿ 1984ರಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬವರ ಪ್ರಯತ್ನದಿಂದ ‘ಎಕ್ಸ್ ವಿಂಡೋ’ ಎಂಬ ವ್ಯವಸ್ಥೆ ಹುಟ್ಟಿತು. ಅದರ ಹನ್ನೊಂದನೆಯ ರೂಪ 1987ರಲ್ಲಿ ಹೊರಬಂದಿತು. ಲಿನಕ್ಸ್ ಯಂತ್ರಗಳಲ್ಲಿ ಅದರ ಬಳಕೆ ಈಗಲೂ ಉಳಿದಿದೆ.

ಈ ವ್ಯವಸ್ಥೆಯಲ್ಲಿ ಒಂದು ಸೊಗಸಿದೆ. ಸಾಮಾನ್ಯವಾಗಿ ದೂರದ ದೊಡ್ಡ ಯಂತ್ರವನ್ನು ಸರ್ವರ್, ಅಂದರೆ ಸೇವೆ ಕೊಡುವವನು, ಎನ್ನುತ್ತೇವೆ. ಎಕ್ಸ್ ವ್ಯವಸ್ಥೆಯಲ್ಲಿ ಅದು ತಲೆಕೆಳಗು. ಮನುಷ್ಯನ ಕಣ್ಣೆದುರಿಗಿರುವ ಪರದೆಯೇ ಸೇವಕ. ಎಲ್ಲಿಯೋ ಓಡುತ್ತಿರುವ ಪ್ರೋಗ್ರಾಂ ಆ ಪರದೆಯ ಗಿರಾಕಿ. ‘ನನಗೊಂದು ಕಿಟಕಿ ತೆರೆದುಕೊಡು, ಅದರಲ್ಲಿ ಈ ಗೆರೆ ಎಳೆ’ ಎಂದು ಪ್ರೋಗ್ರಾಂ ಬೇಡಿಕೊಳ್ಳುತ್ತದೆ, ಪರದೆ ನಡೆಸಿಕೊಡುತ್ತದೆ. ಯಾವ ಪರದೆ ಎಂಬ ವಿಳಾಸವನ್ನು ‘ಡಿಸ್‌ಪ್ಲೇ’ ಎಂಬ ಹೆಸರಿನ ಒಂದು ಚೀಟಿಯಲ್ಲಿ ಬರೆದಿಟ್ಟಿರುತ್ತದೆ. ಪ್ರೋಗ್ರಾಂ ಎದ್ದ ಕೂಡಲೆ ಮೊದಲು ಓದುವುದು ಆ ಚೀಟಿಯನ್ನು. ಪರದೆ ದೂರದಲ್ಲಿರಬಹುದು, ಬೇರೆ ಕಟ್ಟಡದಲ್ಲಿರಬಹುದು ಎಂಬುದನ್ನೆಲ್ಲ ಆ ಹಿರಿಯರು ಮೊದಲೇ ಯೋಚಿಸಿದ್ದರು. ಪರದೆ ಎಂಬುದೇ ಇಲ್ಲದಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಮಾತ್ರ ಅವರ ಮೇಲೆ ಮನೆ ಕಟ್ಟಿದವರಲ್ಲಿ ಹಲವರು ಉತ್ತರ ಇಟ್ಟುಕೊಂಡಿರಲಿಲ್ಲ.

ಮೇಲೆ ಮನೆ ಕಟ್ಟಿದವರೆಂದರೆ ಟೂಲ್‌ಕಿಟ್‌ಗಳನ್ನು ರಚಿಸಿದವರು. ಒಂದೊಂದು ಗೆರೆಯನ್ನೂ ಪರದೆಗೆ ಹೇಳಿ ಎಳೆಸುವುದು ಬಹಳ ಕಷ್ಟದ ಕೆಲಸ. ಆದ್ದರಿಂದ ಗುಂಡಿ, ಪಟ್ಟಿ, ಕಿಟಕಿ, ಬರೆಯುವ ಖಾನೆ ಮೊದಲಾದವುಗಳನ್ನು ಮೊದಲೇ ಸಿದ್ಧಮಾಡಿ ಇಟ್ಟ ಪೆಟ್ಟಿಗೆಗಳು ಬಂದವು. ಬಡಗಿಯು ಬಾಗಿಲು ಚೌಕಟ್ಟುಗಳನ್ನು ಮೊದಲೇ ಮಾಡಿಟ್ಟು ಮಾರಿದಂತೆ. ಜಿಟಿಕೆ, ಕ್ಯೂಟಿ, ಜಾವಾ ಭಾಷೆಯ ಎಡಬ್ಲ್ಯೂಟಿ ಇವು ಅಂತಹ ಪೆಟ್ಟಿಗೆಗಳು. ಇವುಗಳೆಲ್ಲ ಹುಟ್ಟಿದ್ದು ಮನುಷ್ಯನ ಕಣ್ಣೆದುರಿನ ಪರದೆಗಾಗಿ. ಆದ್ದರಿಂದ ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ಅದು ಕೇಳುವ ಮೊದಲ ಪ್ರಶ್ನೆ ‘ಪರದೆ ಎಲ್ಲಿ?’ ಎಂಬುದೇ. ಜಿಟಿಕೆಯಲ್ಲಿ ಕೆಲಸ ಆರಂಭಿಸುವ ಮೊದಲ ಆಜ್ಞೆಯೇ, ಪರದೆ ದೊರೆಯದಿದ್ದರೆ ‘ಡಿಸ್‌ಪ್ಲೇ ತೆರೆಯಲಾಗಲಿಲ್ಲ’ ಎಂದು ಒಂದು ಸಾಲು ಬರೆದು ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ನೀವು ಕಿಟಕಿ ತೆರೆಯುವುದಿಲ್ಲ, ಬರಿಯ ಒಂದು ಚಿತ್ರವನ್ನು ಬರೆದು ಕಡತದಲ್ಲಿ ಉಳಿಸುತ್ತೀರಿ ಎಂದರೂ ಅದು ಕೇಳದು. ನೋಡುವ ಗಿರಾಕಿ ಎದುರಿಗೆ ಕುಳಿತಿದ್ದರೆ ಮಾತ್ರ ಮಗ್ಗಕ್ಕೆ ಕೂರುತ್ತೇನೆ ಎಂದು ನೇಕಾರ ಹಟ ಮಾಡಿದರೆ ಹೇಗಿರುತ್ತದೆಯೋ ಇದೂ ಹಾಗೆಯೇ. ಸೀರೆ ನೇಯುವುದೇ ಬೇರೆ, ಸೀರೆಯನ್ನು ಬಿಚ್ಚಿ ತೋರಿಸುವುದೇ ಬೇರೆ. ಚಿತ್ರ ಬರೆಯುವ ಕೆಲಸವನ್ನೂ ತೋರಿಸುವ ಕೆಲಸವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ಈ ಎಲ್ಲ ತೊಡಕಿಗೆ ಮೂಲ.

ಇನ್ನು ನಮ್ಮ ಅನುಭವಕ್ಕೆ ಬರೋಣ. ಉತ್ತರ ಕರ್ನಾಟಕದ ಒಂದು ವಿದ್ಯಾಸಂಸ್ಥೆಯವರು ಬಡ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತಾರೆ. ಮಂಜೂರಾದ ಪ್ರತಿಯೊಬ್ಬರಿಗೂ ಒಂದು ಪತ್ರ. ಅದರ ಒಕ್ಕಣೆ ಬ್ಯಾಂಕಿನವರ ಅನುಕೂಲಕ್ಕಾಗಿ ಇಂಗ್ಲಿಷಿನಲ್ಲಿ. ವಿದ್ಯಾರ್ಥಿಯ ಹೆಸರು, ತಾಯಿತಂದೆಗಳ ಹೆಸರು, ಊರು ಇವು ಕನ್ನಡದಲ್ಲಿ. ಕೆಳಗೆ ಹಿಂದಿನ ವರ್ಷಗಳ ಅಂಕಗಳನ್ನು ತೋರಿಸುವ ಒಂದು ಪುಟ್ಟ ಕಂಬಚಿತ್ರ. ಆ ಪತ್ರವನ್ನು ಕಾಲೇಜಿನ ಶುಲ್ಕದ ಕಿಟಕಿಯಲ್ಲಿ ಗಡುವಿನೊಳಗೆ ತೋರಿಸಿದರೆ ಮಾತ್ರ ಹುಡುಗನಿಗೆ ಅಥವಾ ಹುಡುಗಿಗೆ ಪ್ರವೇಶ ಉಳಿಯುತ್ತದೆ. ಸಾಲ ಮಾಡಿ ಶುಲ್ಕ ಕಟ್ಟಲಾಗದ ಮನೆಗಳಿಗೆ ಆ ಒಂದು ಹಾಳೆಯೇ ಒಂದು ವರ್ಷದ ಓದು. ಬಹಳ ವರ್ಷಗಳ ಹಿಂದೆ ಯಾರೋ ಬರೆದುಕೊಟ್ಟಿದ್ದ ಜಿಟಿಕೆಯ ಪ್ರೋಗ್ರಾಂ ಒಂದಿತ್ತು. ಕಚೇರಿಯ ಗುಮಾಸ್ತರು ಪರದೆಯ ಮುಂದೆ ಕುಳಿತು ಒಂದೊಂದು ಹೆಸರಿಗೂ ಗುಂಡಿ ಒತ್ತಿ ಒಂದೊಂದು ಪತ್ರ ತೆಗೆಯುತ್ತಿದ್ದರು. ಅರ್ಜಿಗಳು ಹೆಚ್ಚಿದಂತೆ ಈ ಕ್ರಮ ಸಾಲದಾಯಿತು. ರಾತ್ರಿಯ ಹೊತ್ತಿನಲ್ಲಿ ಸರ್ವರ್ ತಾನೇ ಎಲ್ಲ ಪತ್ರಗಳನ್ನು ಸಿದ್ಧಪಡಿಸಿ ಬೆಳಿಗ್ಗೆ ಕೈಗಿಡುವಂತೆ ಮಾಡಬೇಕೆಂದು ನಮಗೆ ಒಪ್ಪಿಸಿದರು. ನಿರೀಕ್ಷಿಸಿದ್ದಂತೆಯೇ ಮೊದಲ ರಾತ್ರಿ ಸರ್ವರ್ ಕೊಟ್ಟ ಉತ್ತರ ಒಂದೇ ಸಾಲು: ಡಿಸ್‌ಪ್ಲೇ ತೆರೆಯಲಾಗಲಿಲ್ಲ.

ಇದಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ಮದ್ದೊಂದಿದೆ. ಅದರ ಹೆಸರು ‘ಎಕ್ಸ್‌ವಿಎಫ್‌ಬಿ’. ಇದು ಹುಸಿ ಪರದೆ. ನಿಜವಾದ ಮಾನಿಟರ್ ಎಲ್ಲಿಯೂ ಇರುವುದಿಲ್ಲ. ಯಂತ್ರದ ನೆನಪಿನಲ್ಲಿ ಪರದೆಯಷ್ಟೇ ಜಾಗವನ್ನು ಕಾದಿರಿಸಿ, ‘ನಾನೇ ಪರದೆ, ಏನು ಬರೆಯಬೇಕೋ ಬರೆ’ ಎಂದು ಪ್ರೋಗ್ರಾಮಿಗೆ ಅದು ಹೇಳುತ್ತದೆ. ಪ್ರೋಗ್ರಾಂ ನಂಬುತ್ತದೆ. ಅಡ್ಡಕ್ಕೆ 1280, ಉದ್ದಕ್ಕೆ 1024 ಚುಕ್ಕೆಗಳಿರುವ ಪರದೆಯೆಂದರೆ ಒಟ್ಟು 13,10,720 ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣಕ್ಕೆ 4 ಬೈಟ್‌ಗಳಂತೆ 52,42,880 ಬೈಟ್‌ಗಳು, ಅಂದರೆ 5 ಮೆಗಾಬೈಟ್ ನೆನಪು ಸಾಕು. ಇಂದಿನ ಯಂತ್ರಗಳಿಗೆ ಇದು ಸಮುದ್ರದಲ್ಲಿ ಒಂದು ಬಿಂದಿಗೆ ನೀರು. ಪರದೆಗಳಿಗೆ ಸಂಖ್ಯೆ ಕೊಡುವ ಪದ್ಧತಿಯಿದ್ದು ನಿಜವಾದ ಮೊದಲ ಪರದೆಗೆ ಸಾಮಾನ್ಯವಾಗಿ ಸೊನ್ನೆ ಎಂಬ ಸಂಖ್ಯೆಯಿರುತ್ತದೆ. ಹುಸಿ ಪರದೆಯನ್ನು ಎಬ್ಬಿಸಿ ಅದರಲ್ಲಿ ಪ್ರೋಗ್ರಾಂ ಓಡಿಸಿ ಮುಗಿದ ಮೇಲೆ ಎತ್ತಿಡುವ ‘ಎಕ್ಸ್‌ವಿಎಫ್‌ಬಿ-ರನ್’ ಎಂಬ ಸಹಾಯಕ ಆಜ್ಞೆಯೂ ಇದೆ. ಅದು ತಾನಾಗಿ 99ನೆಯ ಸಂಖ್ಯೆಯಿಂದ ಆರಂಭಿಸುತ್ತದೆ. ನಿಜವಾದ ಪರದೆಗಳೊಡನೆ ಘರ್ಷಣೆ ಬಾರದಿರಲೆಂದು.

ಹುಸಿ ಪರದೆಯನ್ನು ಕಟ್ಟಿಕೊಟ್ಟ ರಾತ್ರಿಯಿಂದ ಪತ್ರಗಳು ಬರತೊಡಗಿದವು. ಆದರೆ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಒಂದು ಪತ್ರವೂ ಇಲ್ಲ. ಪ್ರೋಗ್ರಾಂ ಸತ್ತಿರಲಿಲ್ಲ, ಬದುಕಿದ್ದು ಏನನ್ನೂ ಮಾಡದೆ ಕುಳಿತಿತ್ತು. ದೋಷದ ಸಂದೇಶವೂ ಇಲ್ಲ. ಇಂತಹ ಸಂದರ್ಭದಲ್ಲಿ ಒಂದೇ ದಾರಿ: ಹುಸಿ ಪರದೆಯ ಮೇಲೆ ಏನಿದೆ ಎಂಬುದನ್ನು ಚಿತ್ರ ತೆಗೆದು ನೋಡುವುದು. ‘ಎಕ್ಸ್‌ಡಬ್ಲ್ಯೂಡಿ’ ಎಂಬ ಹಳೆಯ ಆಜ್ಞೆಯೊಂದು ಯಾವ ಪರದೆಯ ಚಿತ್ರವನ್ನಾದರೂ ಕಡತಕ್ಕೆ ಇಳಿಸಿಕೊಡುತ್ತದೆ. ನಾವು ಅದನ್ನು ತೆಗೆದು ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ತೆರೆದಾಗ ಕಂಡ ದೃಶ್ಯ ನಗುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ. ಪರದೆಯ ನಡುವೆ ಒಂದು ಪುಟ್ಟ ಚೌಕ. ‘ಈ ಹೆಸರಿನ ಹಳೆಯ ಕಡತವಿದೆ, ಅದರ ಮೇಲೆ ಬರೆಯಲೇ?’ ಎಂಬ ಪ್ರಶ್ನೆ. ಕೆಳಗೆ ‘ಹೌದು’, ‘ಬೇಡ’ ಎಂಬ ಎರಡು ಗುಂಡಿಗಳು. ಮೊದಲು ಆ ಪ್ರೋಗ್ರಾಂ ಬರೆದವರು ಗುಮಾಸ್ತರ ಕ್ಷೇಮಕ್ಕಾಗಿಯೇ ಇಟ್ಟಿದ್ದ ಎಚ್ಚರಿಕೆ ಅದು. ಈಗ ಅದು ಯಾರಿಗೂ ಕಾಣದ ಪರದೆಯ ಮೇಲೆ, ಯಾರೂ ಒತ್ತಲಾರದ ಗುಂಡಿಗಾಗಿ ಇಡೀ ರಾತ್ರಿ ಕಾದು ನಿಂತಿತ್ತು.

ಹುಸಿ ಪರದೆಯ ಗುಣವೂ ದೋಷವೂ ಇದೇ. ಹಳೆಯ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಬದಲಿಸದೆ ಅದನ್ನು ಓಡಿಸಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಪ್ರೋಗ್ರಾಂ ಎದುರಿಗೆ ಮನುಷ್ಯನಿದ್ದಾನೆಂದೇ ತಿಳಿದಿರುತ್ತದೆ. ಅದು ಪ್ರಶ್ನೆ ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ. ಇದಲ್ಲದೆ ಹುಸಿ ಪರದೆಯೇ ಒಂದು ಪ್ರತ್ಯೇಕ ಪ್ರೋಗ್ರಾಂ ಆದ್ದರಿಂದ ಅದು ನಡುವೆ ನಿಂತರೆ ಇದೂ ನಿಲ್ಲುತ್ತದೆ. ಎರಡು ಕೆಲಸಗಳು ಒಂದೇ ಸಂಖ್ಯೆಯ ಪರದೆಯನ್ನು ಬಯಸಿದರೆ ಒಂದು ಸೋಲುತ್ತದೆ. ಖಾಲಿ ಸಂಖ್ಯೆಯನ್ನು ತಾನೇ ಹುಡುಕಿಕೊಳ್ಳೆಂದು ಹೇಳಿದರೆ ಮಾತ್ರ ಈ ತೊಡಕು ತಪ್ಪುತ್ತದೆ. ತಾತ್ಕಾಲಿಕ ಉಪಾಯವಾಗಿ ಇದು ಉತ್ತಮ. ಶಾಶ್ವತ ಪರಿಹಾರ ಬೇಕೆಂದರೆ ಗಂಟನ್ನೇ ಬಿಚ್ಚಬೇಕು, ಅಂದರೆ ಬರೆಯುವುದನ್ನು ತೋರಿಸುವುದರಿಂದ ಬೇರೆ ಮಾಡಬೇಕು.

ಈ ಗಂಟು ಬಿಚ್ಚುವ ಕೆಲಸವನ್ನು ಲೋಕದ ಅನೇಕ ಜನ ತಮ್ಮ ತಮ್ಮ ಕಡೆಯಿಂದ ಮಾಡಿದ್ದಾರೆ. ಜಾವಾ ಭಾಷೆಯ ಮೊದಲ ರೂಪ 1996ರಲ್ಲಿ ಬಂದಿತು. ಸರ್ವರುಗಳಲ್ಲಿ ಅದರಿಂದ ನಕ್ಷೆ, ಗ್ರಾಫು ಬರೆಸಲು ಹೊರಟವರೆಲ್ಲ ನಮ್ಮಂತೆಯೇ ಪರದೆಯ ಪ್ರಶ್ನೆಗೆ ಸಿಕ್ಕಿ, ಹುಸಿ ಪರದೆಯನ್ನು ಆಶ್ರಯಿಸುತ್ತಿದ್ದರು. 2002ರಲ್ಲಿ ಬಂದ 1.4ನೆಯ ಆವೃತ್ತಿಯಲ್ಲಿ ‘ಹೆಡ್‌ಲೆಸ್’ ಎಂಬ ಸ್ಥಿತಿಯನ್ನು ಭಾಷೆಯೇ ಒಪ್ಪಿಕೊಂಡಿತು. ಪರದೆಯಿಲ್ಲ ಎಂದು ಮೊದಲೇ ತಿಳಿಸಿದರೆ ಅದು ಬೇಸರಿಸದು. ನೆನಪಿನಲ್ಲಿ ಚಿತ್ರ ಬರೆ ಎಂದರೆ ಬರೆಯುತ್ತದೆ, ಅಕ್ಷರಗಳ ಅಳತೆ ಹೇಳು ಎಂದರೆ ಹೇಳುತ್ತದೆ. ಕಿಟಕಿ ತೆರೆ ಎಂದರೆ ಮಾತ್ರ, ಅದು ಇಲ್ಲಿ ಸಾಧ್ಯವಿಲ್ಲವೆಂದು ಸ್ಪಷ್ಟವಾದ ಹೆಸರಿನ ದೋಷ ಸಂದೇಶ ಕೊಡುತ್ತದೆ. ಆಗುವುದು ಯಾವುದು, ಆಗದ್ದು ಯಾವುದು ಎಂಬುದನ್ನು ಹೀಗೆ ಬಾಯಿಬಿಟ್ಟು ಹೇಳುವುದು ಸಣ್ಣ ಗುಣವಲ್ಲ.

ಜಾನ್ ಹಂಟರ್ ಎಂಬವರ ಕಾರ್ಯವನ್ನೂ ಇಲ್ಲಿ ನೆನೆಯಬೇಕು. ಅವರು ನರವಿಜ್ಞಾನದ ಸಂಶೋಧಕರು. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಚಿತ್ರರೂಪದಲ್ಲಿ ನೋಡಬೇಕಾಗಿ ಬಂದು 2003ರ ಸುಮಾರಿಗೆ ‘ಮ್ಯಾಟ್‌ಪ್ಲಾಟ್‌ಲಿಬ್’ ಎಂಬ ಸಾಧನವನ್ನು ಹೊರತಂದರು. ಅದರಲ್ಲಿ ಚಿತ್ರದ ಕಲ್ಪನೆ ಒಂದು ಕಡೆ, ಅದನ್ನು ಇಳಿಸುವ ಹಿಂಬದಿಯ ಯಂತ್ರ ಇನ್ನೊಂದು ಕಡೆ ಎಂದು ವಿಭಾಗಿಸಿದ್ದಾರೆ. ಪರದೆಯಿದ್ದರೆ ಪರದೆಗೆ, ಇಲ್ಲದಿದ್ದರೆ ‘ಆಗ್’ ಎಂಬ ಹಿಂಬದಿಯ ಮೂಲಕ ನೇರವಾಗಿ ಕಡತಕ್ಕೆ. 2018ರಲ್ಲಿ ಬಂದ 3.0 ಆವೃತ್ತಿಯಿಂದ ಪರದೆ ದೊರೆಯದಿದ್ದಾಗ ಅದು ತಾನೇ ಈ ದಾರಿಗೆ ಹೊರಳುತ್ತದೆ. ಹಂಟರ್ ಅವರು 2012ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಅವರ ಕೃತಿ ಮಾತ್ರ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ದುಡಿಯುತ್ತಿದೆ. ಕ್ಯೂಟಿಯಲ್ಲಿ ‘ಆಫ್‌ಸ್ಕ್ರೀನ್’ ಎಂಬ ಏರ್ಪಾಡು ಬಂದಿದೆ. 2017ರಲ್ಲಿ ಕ್ರೋಮ್ ಬ್ರೌಸರ್ ಕೂಡ ತನ್ನ 59ನೆಯ ಆವೃತ್ತಿಯಿಂದ ಪರದೆಯಿಲ್ಲದೆ ಓಡುವುದನ್ನು ಕಲಿಯಿತು. ಜಿಟಿಕೆಯ ಮಟ್ಟಿಗೆ ಹೇಳುವುದಾದರೆ, ಅದು ಗೆರೆ ಬಣ್ಣಗಳಿಗಾಗಿ ‘ಕೈರೊ’ ಎಂಬ ಸಾಧನವನ್ನೂ ಅಕ್ಷರಗಳಿಗಾಗಿ ‘ಪ್ಯಾಂಗೊ’ ಎಂಬ ಸಾಧನವನ್ನೂ ಒಳಗೆ ಬಳಸುತ್ತದೆ. ಅವೆರಡಕ್ಕೂ ಪರದೆಯ ಹಂಗಿಲ್ಲ. ನಾವು ಕಿಟಕಿ, ಗುಂಡಿಗಳ ಭಾಗವನ್ನು ಬದಿಗಿಟ್ಟು ಪತ್ರ ಬರೆಯುವ ಭಾಗವನ್ನು ಮಾತ್ರ ಇವೆರಡರ ಮೇಲೆ ಹೊಸದಾಗಿ ನಿಲ್ಲಿಸಿದೆವು. ಈಗ ಹುಸಿ ಪರದೆ ಬೇಕಿಲ್ಲ, ಕಾಯುವ ಚೌಕವಿಲ್ಲ. ಪತ್ರಗಳು ನೇರವಾಗಿ ಪಿಡಿಎಫ್ ಕಡತಗಳಾಗಿ ಬೀಳತೊಡಗಿದವು.

ಇಲ್ಲಿಗೆ ಕಥೆ ಮುಗಿಯಿತೆಂದು ತಂತ್ರಜ್ಞರು ಹೇಳಿಯಾರು. ನಿಜವಾದ ಗಂಡಾಂತರ ಇದ್ದದ್ದು ಇದರ ಮುಂದೆ.

ಗಡುವಿಗೆ ಕೆಲವೇ ದಿನಗಳಿದ್ದಾಗ, ಸರ್ವರನ್ನು ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಯವರು ಹಳೆಯ ಯಂತ್ರವನ್ನು ತೆಗೆದು ಹೊಸದನ್ನು ಕೊಟ್ಟರು. ಹಳೆಯದರಲ್ಲಿದ್ದುದೆಲ್ಲವೂ ಹೊಸದರಲ್ಲಿದೆ ಎಂದು ಬರೆದೂ ತಿಳಿಸಿದರು. ಆ ರಾತ್ರಿ ಪ್ರೋಗ್ರಾಂ ಓಡಿತು. ಪತ್ರಗಳ ಸಂಖ್ಯೆ ಸರಿಯಾಗಿತ್ತು, ಕಡತಗಳ ಗಾತ್ರ ಸರಿಸುಮಾರಾಗಿತ್ತು, ಕೊನೆಯಲ್ಲಿ ಯಂತ್ರ ಕೊಟ್ಟ ವರದಿ ಸೊನ್ನೆ. ನಮ್ಮ ವೃತ್ತಿಯಲ್ಲಿ ಸೊನ್ನೆಯೆಂದರೆ ‘ಎಲ್ಲವೂ ಕ್ಷೇಮ’. ಆದರೆ ಬೆಳಿಗ್ಗೆ ಆ ವಿದ್ಯಾಸಂಸ್ಥೆಯಿಂದ ದೂರವಾಣಿ ಬಂದಿತು. ಮಾತನಾಡಿದವರು, ನಾವೆಲ್ಲರೂ ‘ಅಕ್ಕಾರು’ ಎಂದೇ ಕರೆಯುವ ಹಿರಿಯ ಗುಮಾಸ್ತರು. ಪತ್ರಗಳನ್ನು ಲಕೋಟೆಗೆ ಹಾಕುವ ಮೊದಲು ಒಂದು ಹಾಳೆಯನ್ನು ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದ್ದರು.

“ಏನ್ರೀ ಸರ, ಹುಡುಗರ ಹೆಸರು ಇರಬೇಕಾದಲ್ಲೆಲ್ಲಾ ಬರೇ ಡಬ್ಬಿ ಬಂದಾವು. ಇದನ್ನ ತಗೊಂಡು ಅವರ ಅವ್ವ-ಅಪ್ಪ ಏನ್ ಮಾಡಬೇಕ್ರಿ?”

“ಒಂದನ್ನೂ ಕಳಸಬ್ಯಾಡ್ರಿ ಅಕ್ಕಾರ, ಸಂಜೀತನಕ ಟೈಮ್ ಕೊಡ್ರಿ” ಎಂದೆವು.

ಹೊಸ ಯಂತ್ರದಲ್ಲಿ ಕನ್ನಡದ ಫಾಂಟ್ ಒಂದೂ ಇರಲಿಲ್ಲ. ಪರದೆಯಿಲ್ಲದ ಯಂತ್ರಗಳನ್ನು ಆದಷ್ಟು ಹಗುರವಾಗಿ ಸಜ್ಜುಗೊಳಿಸುವ ರೂಢಿಯಿದೆ. ನೋಡುವವರೇ ಇಲ್ಲದ ಕಡೆ ಅಕ್ಷರಗಳ ಅಚ್ಚು ಏಕೆಂದು ಫಾಂಟುಗಳನ್ನು ಬಿಡುತ್ತಾರೆ. ಇದ್ದರೂ ರೋಮನ್ ಲಿಪಿಯ ಒಂದೆರಡು ಮಾತ್ರ. ಪ್ಯಾಂಗೊ ತನಗೆ ಅಚ್ಚು ದೊರೆಯದ ಅಕ್ಷರದ ಜಾಗದಲ್ಲಿ ಒಂದು ಪೆಟ್ಟಿಗೆ ಬರೆದು, ಅದರೊಳಗೆ ಆ ಅಕ್ಷರದ ಸಂಕೇತ ಸಂಖ್ಯೆಯನ್ನು ಸಣ್ಣದಾಗಿ ತುಂಬಿ ಮುಂದೆ ಹೋಗುತ್ತದೆ. ಅದರ ಲೆಕ್ಕದಲ್ಲಿ ಅದು ದೋಷವಲ್ಲ. ಇಂಗ್ಲಿಷಿನ ಒಕ್ಕಣೆ ಅಚ್ಚುಕಟ್ಟಾಗಿತ್ತು, ಕಂಬಚಿತ್ರ ಸುಂದರವಾಗಿತ್ತು. ಯಾರ ಸಲುವಾಗಿ ಆ ಪತ್ರವೋ ಅವರ ಹೆಸರು ಮಾತ್ರ ಇರಲಿಲ್ಲ. ‘ಡಿಸ್‌ಪ್ಲೇ ತೆರೆಯಲಾಗಲಿಲ್ಲ’ ಎಂದು ಮೊದಲ ರಾತ್ರಿ ಹಟ ಹಿಡಿದು ನಿಂತ ಪ್ರೋಗ್ರಾಂ ಇದಕ್ಕಿಂತ ಪ್ರಾಮಾಣಿಕವಾಗಿತ್ತು ಎಂದು ಅಂದು ನಮಗೆ ಅನ್ನಿಸಿತು. ಆಗದೆಂದು ಕೂಗಿ ಹೇಳುವವನಿಂದ ಕೆಲಸ ಕೆಡುವುದಿಲ್ಲ, ತಡವಾಗುತ್ತದೆ ಅಷ್ಟೆ. ಆಯಿತೆಂದು ಹೇಳಿ ಪೆಟ್ಟಿಗೆ ಬರೆದುಕೊಡುವವನಿಂದ ಮನೆ ಮುರಿಯುತ್ತದೆ.

ಫಾಂಟನ್ನು ತಂದಿಟ್ಟರೆ ಸಾಕೇ ಎಂದರೆ, ಕನ್ನಡಕ್ಕೆ ಅಷ್ಟೇ ಸಾಲದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೂ 128 ಮನೆಗಳ ಒಂದು ಕೇರಿಯನ್ನು ಕೊಟ್ಟಿದ್ದರು. ಆದರೆ ಆ ಮನೆಗಳಲ್ಲಿರುವುದು ಮೂಲಾಕ್ಷರ ಮತ್ತು ಚಿಹ್ನೆಗಳು ಮಾತ್ರ. ಒತ್ತಕ್ಷರಗಳಿಗೆ ಪ್ರತ್ಯೇಕ ಮನೆಯಿಲ್ಲ. ‘ಸ್ತ್ರೀ’ ಎಂದು ನಾವು ಒಂದೇ ಅಕ್ಷರವಾಗಿ ಬರೆಯುವುದು ಯಂತ್ರದಲ್ಲಿ ಆರು ಸಂಖ್ಯೆಗಳ ಸಾಲು: ಸಕಾರ, ಅರ್ಧಸೂಚಕ, ತಕಾರ, ಅರ್ಧಸೂಚಕ, ರಕಾರ, ಈಕಾರದ ಗುಣಿತ. ಅರ್ಕಾವತ್ತಿನ ಸಂಗತಿ ಇನ್ನೂ ವಿಚಿತ್ರ. ‘ಮಲ್ಲಿಕಾರ್ಜುನ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಯಂತ್ರವೂ ಮೊದಲು ಇಟ್ಟುಕೊಳ್ಳುತ್ತದೆ. ಬರೆಯುವಾಗ ಮಾತ್ರ ಅದು ಜಕಾರದ ಬಲಕ್ಕೆ ಅರ್ಕಾವತ್ತಾಗಿ ಹೋಗಿ ಕೂರಬೇಕು. ಈ ಜೋಡಣೆಯನ್ನು ಮಾಡಲು ‘ಹಾರ್ಫ್‌ಬಜ್’ ಎಂಬ ಬೇರೊಂದು ಸಾಧನ ಬೇಕು. ಪ್ಯಾಂಗೊ ಅದನ್ನು ಬಳಸುತ್ತದೆ. ಎಲ್ಲ ಸಾಧನಗಳೂ ಬಳಸುವುದಿಲ್ಲ. ಸರ್ವರುಗಳಲ್ಲಿ ಚಿತ್ರಗಳ ಮೇಲೆ ಅಕ್ಷರ ಬರೆಸಲು ಹಲವರು ಉಪಯೋಗಿಸುವ ‘ಪಿಲ್ಲೋ’ ಎಂಬ ಸಾಧನಕ್ಕೆ ಜೋಡಣೆಯ ಸಹಾಯಕ ಭಾಗ ಜೊತೆಗಿಲ್ಲದಿದ್ದರೆ ಅದೇ ಹೆಸರನ್ನು ‘ಮಲ್‌ಲಿಕಾರ್‌ಜುನ’ ಎಂದು ಒಡೆದು ಬರೆಯುತ್ತದೆ. ಆಗಲೂ ವರದಿ ಸೊನ್ನೆಯೇ.

ಅಂದು ಸಂಜೆಯೊಳಗೆ ನಾವು ಮಾಡಿದ ಕೆಲಸಗಳು ಹೆಚ್ಚೇನೂ ಇಲ್ಲ. ಇಂತಿಂಥ ಭಾಷೆಗೆ ಯಾವ ಫಾಂಟುಗಳಿವೆ ಎಂದು ಯಂತ್ರವನ್ನೇ ಕೇಳುವ ‘ಎಫ್‌ಸಿ-ಲಿಸ್ಟ್’ ಎಂಬ ಆಜ್ಞೆಯಿದೆ. ಪ್ರತಿ ರಾತ್ರಿ ಮೊದಲು ಅದನ್ನು ಕೇಳಿ, ಕನ್ನಡಕ್ಕೆ ಒಂದೂ ಇಲ್ಲವೆಂದರೆ ಅಲ್ಲಿಯೇ ಕೂಗಿ ನಿಲ್ಲುವಂತೆ ಮಾಡಿದೆವು. ಯಂತ್ರವನ್ನು ನಂಬದೆ ಫಾಂಟನ್ನು ಪ್ರೋಗ್ರಾಮಿನ ಜೊತೆಗೇ ಬುತ್ತಿಯಂತೆ ಕಟ್ಟಿ ಕಳುಹಿಸಿದೆವು. ನೋಟೊ, ಲೋಹಿತ್, ಗುಬ್ಬಿ, ನವಿಲು ಮೊದಲಾದ ಕನ್ನಡ ಫಾಂಟುಗಳು ಯಾರು ಬೇಕಾದರೂ ಬಳಸಬಹುದಾದಂತೆ ಮುಕ್ತವಾಗಿ ದೊರೆಯುತ್ತಿರುವಾಗ ಇದಕ್ಕೆ ಬಡತನವಿಲ್ಲ. ‘ನೋಟೊ’ ಎಂಬ ಹೆಸರಿನ ಅರ್ಥವೇ ‘ಪೆಟ್ಟಿಗೆ ಬೇಡ’ ಎಂದು. ಅಕ್ಷರದ ಬದಲು ಬೀಳುವ ಈ ಖಾಲಿ ಪೆಟ್ಟಿಗೆಗಳಿಗೆ ಅಲ್ಲಿಯವರು ‘ಟೋಫು’ ಎಂದು ಅಡ್ಡಹೆಸರಿಟ್ಟಿದ್ದಾರೆ. ಪತ್ರಗಳು ಅಂದು ರಾತ್ರಿಯೇ ಹೊಸದಾಗಿ ಸಿದ್ಧವಾದವು, ಮರುದಿನದ ಅಂಚೆಗೆ ಹೋದವು. ಗಡುವು ಮೀರಲಿಲ್ಲ.

ಆ ಬಳಿಕ ಅಕ್ಕಾರನ್ನು ನಮ್ಮ ಕೆಲಸದ ಕ್ರಮದೊಳಗೇ ಸೇರಿಸಿಕೊಂಡೆವು. ಅವರಿಂದ ಕಷ್ಟದ ಹೆಸರುಗಳ ಒಂದು ಪಟ್ಟಿಯನ್ನು ಬರೆಸಿಕೊಂಡೆವು. ಮಲ್ಲಿಕಾರ್ಜುನ, ಸಿದ್ಧರಾಮ, ಚೆನ್ನಮ್ಮ, ಜ್ಞಾನೇಶ್ವರಿ, ಕೃಷ್ಣವ್ವ, ಪಾರ್ವತೆವ್ವ ಹೀಗೆ ಒಂದು ಹಾಳೆಯಷ್ಟು. ಆ ಹೆಸರುಗಳನ್ನು ಬರೆದ ಮಾದರಿ ಪುಟವನ್ನು ಅವರು ಓದಿ ‘ಸರಿ ಅದ’ ಎಂದು ಒಪ್ಪಿದ ಮೇಲೆ ಅದರ ಚಿತ್ರವನ್ನು ಉಳಿಸಿಕೊಂಡೆವು. ಪ್ರತಿ ರಾತ್ರಿ ಯಂತ್ರ ಮೊದಲು ಅದೇ ಪುಟವನ್ನು ಬರೆದು, ಒಪ್ಪಿದ ಚಿತ್ರದೊಡನೆ ಚುಕ್ಕೆ ಚುಕ್ಕೆಯಾಗಿ ಹೋಲಿಸಿ, ಭೇದ ಕಂಡರೆ ನಿಲ್ಲುತ್ತದೆ. ಆಗ ಮತ್ತೆ ಮನುಷ್ಯರೇ ನೋಡಬೇಕು; ಫಾಂಟಿನ ಹೊಸ ಆವೃತ್ತಿ ಬಂದು ಗೆರೆ ಸ್ವಲ್ಪ ದಪ್ಪವಾಗಿದೆಯೋ, ನಿಜವಾಗಿ ಅಕ್ಷರ ಕೆಟ್ಟಿದೆಯೋ ಎಂಬುದನ್ನು ಯಂತ್ರ ಬಲ್ಲದೇ ಹೊರತು ಬಲ್ಲೆನೆಂದು ಹೇಳಲಾರದು ಎನ್ನುವಂತಿಲ್ಲ; ಅದು ಬಲ್ಲದ್ದೇ ಇಲ್ಲ. ಅದಕ್ಕೆ ತಿಳಿಯುವುದು ಚುಕ್ಕೆಗಳ ಭೇದ ಮಾತ್ರ. ಹೆಸರಿನ ಭೇದ ತಿಳಿಯುವುದು ಆ ಹೆಸರು ಕೂಗಿ ಕರೆದವರಿಗೆ.

ಕಣ್ಣಿಗೆ ಬೀಳದೆ ದುಡಿಯುವುದು ಹೀನವೆಂದು ನಾವು ಹೇಳುತ್ತಿಲ್ಲ. ಯಂತ್ರವಾಗಲಿ ಮನುಷ್ಯನಾಗಲಿ, ನೋಡುವವರಿಲ್ಲದ ಕಡೆಯೂ ಕೆಲಸವನ್ನು ನೆಟ್ಟಗೆ ಮಾಡುವುದು ದೊಡ್ಡ ಗುಣವೇ. ಆದರೆ ಮನುಷ್ಯನಿಗೆ ಒಳಗೊಂದು ಸಾಕ್ಷಿಯಿರುತ್ತದೆ. ಪರದೆಯಿಲ್ಲದ ಯಂತ್ರಕ್ಕೆ ಅದಿಲ್ಲ. ಅದಕ್ಕೆ ಬೇಕಾದ ಕಣ್ಣನ್ನು ನಾವೇ ಹೊರಗಿನಿಂದ ಏರ್ಪಡಿಸಿಕೊಡಬೇಕು.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದು ಎರಡು ವಿನಂತಿ. ನಿಮ್ಮ ಮನೆಯ ಮಕ್ಕಳು ಗಣಕಶಾಸ್ತ್ರ ಕಲಿಯುತ್ತಿದ್ದರೆ ಈ ಸಂಗತಿಯನ್ನು ಅವರಿಗೆ ಓದಿ ಹೇಳಿರಿ. ಸರ್ವರಿನಲ್ಲಿ ಚಿತ್ರ ಬರೆಸುವಾಗ ಪರದೆಯಿಲ್ಲದೆ ನಡೆಯುವ ದಾರಿಯನ್ನು ಮೊದಲೇ ಆರಿಸಿಕೊಳ್ಳಲಿ, ಕನ್ನಡದ ಫಾಂಟನ್ನು ಜೊತೆಗೆ ಒಯ್ಯಲಿ, ಒತ್ತಕ್ಷರವಿರುವ ಹೆಸರೊಂದನ್ನು ಬರೆಸಿ ತಮ್ಮ ಕಣ್ಣಾರೆ ನೋಡದ ಹೊರತು ಕೆಲಸ ಮುಗಿಯಿತೆನ್ನದಿರಲಿ. ಎರಡನೆಯದು ಹಿರಿಯರಿಗೆ. ಯಾವುದೇ ಕಚೇರಿಯಿಂದ ಬಂದ ಪತ್ರದಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಪೆಟ್ಟಿಗೆಗಳಿದ್ದರೆ, ಒತ್ತಕ್ಷರಗಳು ಒಡೆದು ಬಿದ್ದಿದ್ದರೆ, ‘ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ’ ಎಂಬ ಮಾತಿಗೆ ಸುಮ್ಮನಾಗಬೇಡಿರಿ. ಕಂಪ್ಯೂಟರಿನಲ್ಲಿ ಹಾಗೆ ಬರಬೇಕೆಂಬ ನಿಯಮವಿಲ್ಲ. ಅದನ್ನು ಸರಿಪಡಿಸುವುದು ಒಂದು ಸಂಜೆಯ ಕೆಲಸ. ಪತ್ರವನ್ನು ಹಿಂದಿರುಗಿಸಿ, ಸರಿಯಾದ ಹೆಸರಿನೊಡನೆ ಮತ್ತೊಂದನ್ನು ಕೇಳಿ ಪಡೆಯಿರಿ.